ಮೈನಸ್ ಹೋಯಿತು, ತಪ್ಪು ಉಳಿಯಿತು

(ತುಮಕೂರಿನಲ್ಲಿ ವೈರಿಂಗ್ ಕೆಲಸದವರು ಮತ್ತು ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಇದನ್ನು ಮೇಲೆತ್ತಿ ಹಿಡಿದಿದ್ದೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ, ನಡುವೆ ಒಂದು ತೂತು, ಪಕ್ಕದಲ್ಲಿ ಕೊಕ್ಕೆ. ಕೊಕ್ಕೆ ಬಿಚ್ಚಿದರೆ ದವಡೆ ತೆರೆದುಕೊಳ್ಳುತ್ತದೆ. ಒಳಗೆ ವೈರು ಕೂರಿಸಿ ಮುಚ್ಚಿದರೆ ಟಕ್ ಅನ್ನುತ್ತದೆ. ಇದು ಸಿಟಿ, ಕರೆಂಟ್ ಟ್ರಾನ್ಸ್‌ಫಾರ್ಮರ್. ನಮ್ಮ ಹಳ್ಳಿಗಳಲ್ಲಿ ಟಿಸಿ ಅಂದರೆ ಎಲ್ಲರಿಗೂ ಗೊತ್ತು, ಕಂಬದ ಮೇಲೆ ಕೂತಿರುತ್ತದೆ, ಅದು ಸುಟ್ಟರೆ ಊರಿಗೆ ಊರೇ ಕತ್ತಲೆ. ಈ ಸಿಟಿ ಅದರ ಮೊಮ್ಮಗು ಅಂದುಕೊಳ್ಳಿ. ಕೆಲಸದ ತತ್ವ ಇಬ್ಬರದೂ ಒಂದೇ.

ತೂತಿನೊಳಗೆ ಹೋದ ನಿಮ್ಮ ವೈರು ಒಂದು ಸುತ್ತಿನ ವೈಂಡಿಂಗ್ ಇದ್ದ ಹಾಗೆ. ಒಳಗೆ ಕೂದಲಿನಂಥ ತಾಮ್ರದ ತಂತಿ, ಈ ಮಾದರಿಯಲ್ಲಿ 2000 ಸುತ್ತು. ಹೊರಗಿನ ವೈರಿನಲ್ಲಿ 100 ಆಂಪಿಯರ್ ಹರಿದರೆ ಒಳಗಿಂದ ಬರುವುದು ಅದರ ಎರಡು ಸಾವಿರದಲ್ಲಿ ಒಂದು ಭಾಗ, 50 ಮಿಲಿ ಆಂಪಿಯರ್. ಅದು ಪ್ಲಗ್ಗಿನ ಮೂಲಕ ಒಂದು ಅಳತೆಯ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರ ವೋಲ್ಟೇಜನ್ನೂ ನೋಡಿ, ಖರ್ಚಿನ ಲೆಕ್ಕ ಹಾಕಿ ಮೊಬೈಲಿನಲ್ಲಿ ತೋರಿಸುತ್ತದೆ. ವೈರು ಕತ್ತರಿಸಬೇಕಾಗಿಲ್ಲ, ಸುಲಿಯಬೇಕಾಗಿಲ್ಲ. ಅದಕ್ಕೇ ಎಲ್ಲರೂ ಇದನ್ನು ಸುಲಭದ ಕೆಲಸ ಅಂದುಕೊಳ್ಳುತ್ತಾರೆ. ಹಾಕುವುದು ಸುಲಭ, ಒಪ್ಪಿದೆ. ಹಾಕಿದ್ದು ನಿಜ ಹೇಳುತ್ತಿದೆಯಾ ಅಂತ ನೋಡುವುದು ಬೇರೆ ಕೆಲಸ. ಇವತ್ತಿನ ಮಾತೆಲ್ಲ ಆ ಎರಡನೇ ಕೆಲಸದ್ದು.

ಐದಾರು ವರ್ಷದ ಹಿಂದೆ ಮನೆಯವರು ಯಾರೂ ಇದನ್ನು ಕೇಳುತ್ತಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂತು ನೋಡಿ, ಆಮೇಲೆ 200 ಯೂನಿಟ್ಟಿನ ಗಡಿ ಪ್ರತಿ ಮನೆಯ ಅಡುಗೆಮನೆಗೂ ಬಂತು. ಗಡಿ ದಾಟಿದರೆ ಪೂರ್ತಿ ಬಿಲ್ಲು. ತಿಂಗಳ ಕೊನೆಗೆ ಮೀಟರ್ ನೋಡಿ ಕೈ ಕೈ ಹಿಸುಕಿಕೊಳ್ಳುವುದು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೊಬೈಲಿನಲ್ಲಿ ದಿನದಿನದ ಲೆಕ್ಕ ಸಿಕ್ಕರೆ ಒಳ್ಳೆಯದಲ್ಲವಾ ಅಂತ ಕೇಳುವವರು ಶುರುವಾದರು. ಜತೆಗೆ ಸೋಲಾರ್ ಹಾಕಿಸುವವರು, ಬೋರಿನ ಮೋಟಾರ್ ಸುಟ್ಟು ಸಾಕಾದವರು. ಎಲ್ಲರಿಗೂ ಬೇಕಾಗಿದ್ದು ಇದೇ ಸಿಟಿ.

ಎಲ್ಲಿ ಹಾಕಬೇಕು ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. ಮೀಟರಿನಿಂದ ಈಚೆಗೆ ಮಾತ್ರ. ಮೀಟರಿನ ಸೀಲು, ಅದರ ಆಚೆಗಿನ ಸರ್ವಿಸ್ ವೈರು, ಇವು ನಮ್ಮವಲ್ಲ. ಜಾಗ ಚೆನ್ನಾಗಿದೆ ಅಂತ ಸೀಲು ಬಿಚ್ಚಿದರೆ 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಅಪರಾಧ. ಒಳ್ಳೆ ಉದ್ದೇಶ ಇತ್ತು ಅಂದರೆ ಯಾರೂ ಕೇಳುವುದಿಲ್ಲ. ಮೈನ್ ಸ್ವಿಚ್ಚಿನಿಂದ ಡಿಬಿಗೆ, ಅಂದರೆ ಮನೆಯ ಎಂಸಿಬಿ ಸ್ವಿಚ್ಚುಗಳಿರುವ ಡಬ್ಬಿಗೆ, ಬರುವ ಮೂರು ಫೇಸಿನ ವೈರುಗಳ ಮೇಲೆ ಒಂದೊಂದು ಸಿಟಿ, ಆಗುವುದಾದರೆ ನ್ಯೂಟ್ರಲ್ ಮೇಲೆ ನಾಲ್ಕನೆಯದು.

ಮೈನ್ ಆಫ್ ಮಾಡಿದರೂ ಮೈನಿನ ಮೇಲಿನ ಟರ್ಮಿನಲ್‌ಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಇದನ್ನು ಹೊಸ ಹುಡುಗರಿಗೆ ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲವೂ "ಗೊತ್ತಣ್ಣ" ಅನ್ನುತ್ತಾರೆ, ಕೈ ಮಾತ್ರ ಅಲ್ಲಿಗೇ ಹೋಗುತ್ತದೆ. ಜೇಬಿನ ಟೆಸ್ಟರ್ ನಂಬಬೇಡಿ. ಮಲ್ಟಿಮೀಟರನ್ನು ಮೊದಲು ಕರೆಂಟು ಇರುವ ಕಡೆ ಇಟ್ಟು ನೋಡಿ, ಆಮೇಲೆ ಕೆಲಸ ಮಾಡುವ ಕಡೆ ಇಟ್ಟು ನೋಡಿ, ಮತ್ತೆ ವಾಪಸ್ ಕರೆಂಟು ಇರುವ ಕಡೆ. ಮೂರನೇ ಸಲ ಯಾಕೆ ಅಂದರೆ, ನಡುವೆ ಮೀಟರಿನ ಸೆಲ್ಲೇ ಸತ್ತಿದ್ದರೆ? ಡಿಬಿ ಮುಚ್ಚಳ ಬಿಚ್ಚುವ ಕೆಲಸವನ್ನು ಮನೆಯವರು ಮಾಡಬೇಡಿ. ಪರೀಕ್ಷೆ ಮಾಡಿಸಿಕೊಳ್ಳುವುದು ಹೇಗೆ ಅಂತ ತಿಳಿದುಕೊಳ್ಳಿ, ಸಾಕು.

ದವಡೆ ಮುಚ್ಚುವಾಗ ಟಕ್ ಅನ್ನುವ ಸದ್ದು ಕೇಳಲೇಬೇಕು. ಒಳಗಿನ ಕೋರು ಬಹಳ ಸಲ ಫೆರೈಟಿನದು, ಸ್ಲೇಟಿನ ಬಳಪದ ಹಾಗೆ ಪಟ್ ಅಂತ ಮುರಿಯುತ್ತದೆ. ದಪ್ಪ ವೈರನ್ನು ಸಣ್ಣ ತೂತಿಗೆ ತುರುಕಿದರೆ ಮುಖಕ್ಕೆ ಮುಖ ಕೂಡುವುದಿಲ್ಲ. ಕಾಗದದಷ್ಟು ಸಂದಿ ಉಳಿದರೂ ಲೆಕ್ಕ ಕಡಿಮೆ ಬರುತ್ತದೆ. ಗೋಡೆ ಕೊರೆದ ಸಿಮೆಂಟ್ ಪುಡಿ ಡಿಬಿಯೊಳಗೆ ಬಿದ್ದಿರುತ್ತದಲ್ಲ, ಅದೂ ಸಾಕು. ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಿ.

ಎಷ್ಟು ಆಂಪಿಯರಿನದು ಹಾಕಬೇಕು? ಮೈನ್ ಎಂಸಿಬಿ 40 ಇದ್ದರೆ 50 ಅಥವಾ 60 ಆಂಪಿಯರಿನದು ಸಾಕು. ದೊಡ್ಡದಿರಲಿ ಅಂತ 200ರದು ಹಾಕುವವರಿದ್ದಾರೆ. ಕೊಬ್ಬರಿ ಮೂಟೆ ತೂಗುವ ಕಾಟಾದಲ್ಲಿ ಏಲಕ್ಕಿ ತೂಗಿದ ಹಾಗಾಗುತ್ತದೆ. ರಾತ್ರಿ ಹೊತ್ತು ಮನೆಯಲ್ಲಿ ಒಂದು ಫ್ರಿಜ್ಜು, ಎರಡು ಫ್ಯಾನು ಓಡುವಾಗ ಅದು ತೋರಿಸುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಇನ್ನೊಂದು ಜಾತಿ ಇದೆ, ಫ್ಯಾಕ್ಟರಿ ಪ್ಯಾನೆಲ್‌ಗಳಲ್ಲಿ 5 ಆಂಪಿಯರ್ ಹೊರಗೆ ಕೊಡುವ ಸಿಟಿ. ವೈರಿನಲ್ಲಿ ಕರೆಂಟು ಹರಿಯುತ್ತಿರುವಾಗ ಅದರ ಎರಡು ತುದಿಗಳನ್ನು ಬಿಚ್ಚಿ ಬಿಡಬಾರದು. ತುದಿಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಏಳುತ್ತದೆ. ಹಳೆ ಪ್ಯಾನೆಲ್‌ನಿಂದ ಬಿಚ್ಚಿ ತಂದ ಸಿಟಿ ಮನೆಗೆ ಹಾಕಬೇಡಿ.

ಈಗ ಗಡಿಯಾರಕ್ಕೆ ಬರೋಣ. ಆ ಗೋಡೆಯ ಮೇಲೆ ಒಂದಿದೆ, ಒಳ್ಳೆಯದಾಯಿತು.

ಮೂರು ಫೇಸಿನ ವೋಲ್ಟೇಜು ಒಟ್ಟಿಗೆ ಏರಿ ಇಳಿಯುವುದಿಲ್ಲ, ಒಂದರ ಹಿಂದೆ ಒಂದು. ಕೆಂಪು ಫೇಸು 12 ಗಂಟೆಗೆ ನಿಂತಿದೆ ಅಂದುಕೊಳ್ಳಿ. ಹಳದಿ 4 ಗಂಟೆಗೆ, ನೀಲಿ 8 ಗಂಟೆಗೆ. ಮೂರರ ನಡುವೆ ನಾಲ್ಕು ನಾಲ್ಕು ಗಂಟೆ ಅಂತರ. ಪುಸ್ತಕದಲ್ಲಿ ಇದನ್ನೇ 120 ಡಿಗ್ರಿ ಅನ್ನುತ್ತಾರೆ. ಯಂತ್ರ ವ್ಯಾಟ್ ಲೆಕ್ಕ ಹಾಕುವುದು ಎರಡು ಮುಳ್ಳು ನೋಡಿ: ವೋಲ್ಟೇಜಿನ ಮುಳ್ಳು ಒಂದು, ಕರೆಂಟಿನ ಮುಳ್ಳು ಒಂದು. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಪೂರ್ತಿ ಲೆಕ್ಕ. ಇಸ್ತ್ರಿ ಪೆಟ್ಟಿಗೆ, ಗೀಸರ್ ಇಂಥವಲ್ಲಿ ಹಾಗೆಯೇ ಇರುತ್ತದೆ. ಎರಡು ಗಂಟೆ ಅಂತರವಾದರೆ ಅರ್ಧ. ಮೂರು ಗಂಟೆಯಾದರೆ ಸೊನ್ನೆ. ನಾಲ್ಕು ಗಂಟೆಯಾದರೆ ಮೈನಸ್ ಅರ್ಧ. ಆರು ಗಂಟೆ, ಅಂದರೆ ತದ್ವಿರುದ್ಧ, ಪೂರ್ತಿ ಮೈನಸ್.

ಸಿಟಿಯ ಮೇಲೆ ಬಾಣದ ಗುರುತು ಇರುತ್ತದೆ. ಕೆಲವು ಕಂಪನಿಯವರ ಬಾಣ ಮನೆ ಕಡೆ ನೋಡಬೇಕು, ಕೆಲವರದು ಮೀಟರ್ ಕಡೆ. ಡಬ್ಬಿಯೊಳಗಿನ ಕಾಗದ ನೋಡಬೇಕು. ಆ ಕಾಗದವನ್ನು ನಾವು ಮೊದಲು ಎಸೆಯುತ್ತೇವೆ. ಉಲ್ಟಾ ಹಾಕಿದರೆ ಕರೆಂಟಿನ ಮುಳ್ಳು ಆರು ಗಂಟೆ ಆಚೆಗೆ ಜಿಗಿಯುತ್ತದೆ, 1000 ವ್ಯಾಟ್ ಇದ್ದದ್ದು ಮೈನಸ್ 1000 ಆಗುತ್ತದೆ. ಇದು ಸುಲಭದ ತಪ್ಪು. ಕಣ್ಣಿಗೆ ಹೊಡೆಯುತ್ತದೆ, ತಿರುಗಿಸಿ ಹಾಕಿದರೆ ಮುಗಿಯಿತು.

ನಾನು ಮಾಡಿದ್ದು ಬೇರೆ ತಪ್ಪು.

ಕ್ಯಾತ್ಸಂದ್ರದ ಕಡೆ ಒಂದು ಮನೆ. ನಿವೃತ್ತ ಮೇಷ್ಟ್ರು. ಕೆಳಗಿನ ಮನೆ ಕೆಂಪು ಫೇಸಿನಲ್ಲಿ, ಮಹಡಿ ಹಳದಿಯಲ್ಲಿ, ಗೀಸರ್ ಮತ್ತು ವಾಷಿಂಗ್ ಮೆಷಿನ್ ನೀಲಿಯಲ್ಲಿ, ಬೋರಿನ 3 ಎಚ್‌ಪಿ ಮೋಟಾರು ಮೂರೂ ಫೇಸಿನಲ್ಲಿ. ಮೂರು ಸಿಟಿ ಹಾಕಿದೆ. ಯಂತ್ರ ಆನ್ ಮಾಡಿದರೆ ಕೆಂಪು ಸರಿ, ಹಳದಿ ಮತ್ತು ನೀಲಿ ಎರಡೂ ಮೈನಸ್. ಉಲ್ಟಾ ಹಾಕಿದ್ದೀನಿ ಅಂದುಕೊಂಡು ಎರಡನ್ನೂ ತಿರುಗಿಸಿ ಹಾಕಿದೆ. ಮೈನಸ್ ಹೋಯಿತು. ವೈರಿನ ಸುತ್ತ ದವಡೆ ಹಾಕಿ ಆಂಪಿಯರ್ ನೋಡುವ ಕ್ಲಾಂಪ್ ಮೀಟರ್ ಹಿಡಿದು ನೋಡಿದೆ, ಆಂಪಿಯರ್ ಅಷ್ಟಷ್ಟೇ ಇದೆ ಅನ್ನಿಸಿತು. ಮೇಷ್ಟ್ರ ಮನೆಯವರು ಕೊಟ್ಟ ಕಾಫಿ ಕುಡಿದು ದುಡ್ಡು ತೆಗೆದುಕೊಂಡು ಬಂದೆ.

ತಿಂಗಳಾದ ಮೇಲೆ ಫೋನು. "ಏನಪ್ಪಾ, ನಿನ್ನ ಯಂತ್ರ 183 ಯೂನಿಟ್ ಅಂತು. ಬಿಲ್ಲಿನಲ್ಲಿ 246 ಬಂದಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಾ ಇದೀರಿ."

"ಮೀಟರ್ ಫಾಸ್ಟ್ ಇರಬೇಕು ಮೇಷ್ಟ್ರೇ" ಅಂದೆ. ನಮ್ಮ ಕಸುಬಿನಲ್ಲಿ ಮೊದಲು ಬಾಯಿಗೆ ಬರುವುದು ಅದೇ ಮಾತು.

ಅವರು ಬಿಡುವವರಲ್ಲ. ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಟ್ಟಿದ್ದರು. "ಬಂದು ನೋಡು, ನೀರೆತ್ತುವಾಗ ನೀಲಿ ಬಣ್ಣದ ಸಾಲಿನಲ್ಲಿ ಒಂಚೂರು ಮೈನಸ್ ತೋರಿಸುತ್ತೆ. ಮೋಟಾರು ನಮಗೇ ವಾಪಸ್ ಕರೆಂಟು ಕೊಡುತ್ತೇನಪ್ಪಾ?" ಅಂದರು.

ಹೋಗಿ ಮೋಟಾರ್ ಹಾಕಿ ನೋಡಿದೆ. ಆಂಪಿಯರ್ ಮೂರರಲ್ಲೂ 6. ವ್ಯಾಟ್ ಮಾತ್ರ ಕೆಂಪು 1100, ಹಳದಿ 1270, ನೀಲಿ ಮೈನಸ್ 170ರ ಹತ್ತಿರ. ಒಂದೇ ಮೋಟಾರು, ಮೂರೂ ವೈಂಡಿಂಗ್ ಒಂದೇ ಥರ, ಕರೆಂಟು ಮೂರರಲ್ಲೂ ಸಮ, ವ್ಯಾಟ್ ಯಾಕೆ ಮೂರು ಥರ? ಅಲ್ಲೇ ಕೂತು ಗಡಿಯಾರದ ಚಿತ್ರ ಬರೆದೆ. ಮೋಟಾರಿನ ಕರೆಂಟಿನ ಮುಳ್ಳು ವೋಲ್ಟೇಜಿಗಿಂತ ಒಂದೂಕಾಲು ಗಂಟೆಯಷ್ಟು ಹಿಂದೆ ಬೀಳುತ್ತದೆ, ಪವರ್ ಫ್ಯಾಕ್ಟರ್ 0.8 ಅನ್ನುವುದರ ಅರ್ಥ ಅದೇ. ಹಾಗಾಗಿ ಹಳದಿ ಕರೆಂಟು 5:15ಕ್ಕೆ, ನೀಲಿ ಕರೆಂಟು 9:15ಕ್ಕೆ. ನಾನು ಸಿಟಿಗಳ ಪ್ಲಗ್ಗುಗಳನ್ನು ಅದಲು ಬದಲು ಚುಚ್ಚಿದ್ದೆ. ನೀಲಿಯ ಸಿಟಿ ಹಳದಿಯ ಜಾಗಕ್ಕೆ, ಹಳದಿಯದು ನೀಲಿಯ ಜಾಗಕ್ಕೆ. ಅದಕ್ಕೇ ಮೈನಸ್ ಬಂದಿತ್ತು. ನಾನು ಮೈನಸ್ಸಿನ ಕಾರಣ ಹುಡುಕದೆ ಮೈನಸ್ಸನ್ನು ಅಳಿಸಿದ್ದೆ. ತಿರುಗಿಸಿದಾಗ ಎರಡು ಮುಳ್ಳೂ ಆರು ಗಂಟೆ ಆಚೆಗೆ ಹೋದವು, ನೀಲಿಯದು 3:15ಕ್ಕೆ, ಹಳದಿಯದು 11:15ಕ್ಕೆ. ಯಂತ್ರದ ಹಳದಿ ಸಾಲು 4 ಗಂಟೆಯ ವೋಲ್ಟೇಜನ್ನು 3:15ರ ಕರೆಂಟಿನ ಜತೆ ಹೋಲಿಸುತ್ತಿದೆ, ಮುಕ್ಕಾಲು ಗಂಟೆ ಅಂತರ, ಹಾಗಾಗಿ ಜಾಸ್ತಿ. ನೀಲಿ ಸಾಲು 8 ಗಂಟೆಯದನ್ನು 11:15ರ ಜತೆ ಹೋಲಿಸುತ್ತಿದೆ, ಮೂರು ಗಂಟೆ ದಾಟಿತು, ಹಾಗಾಗಿ ಚೂರು ಮೈನಸ್.

ಗೀಸರ್, ಇಸ್ತ್ರಿ ಪೆಟ್ಟಿಗೆ ಹಾಕಿದಾಗ ಏನಾಗುತ್ತಿತ್ತು? ನಾಲ್ಕು ಗಂಟೆಯ ಅಂತರ ತಿರುಗಿಸಿದ್ದರಿಂದ ಎರಡು ಗಂಟೆಯಾಯಿತು. ಎರಡು ಗಂಟೆ ಅಂದರೆ ಅರ್ಧ. 2000 ವ್ಯಾಟಿನ ಗೀಸರ್ 1000 ಅಂತ ತೋರಿಸುತ್ತಿತ್ತು. ಸಂಖ್ಯೆಯಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ, ಪ್ಲಸ್ ಇದೆ, ಏರುತ್ತದೆ, ಇಳಿಯುತ್ತದೆ. ಕೆಂಪು ಫೇಸಿನ 120 ಯೂನಿಟ್ ಸರಿಯಾಗಿ ಬಂತು, ಉಳಿದೆರಡರ 126 ಅರ್ಧವಾಗಿ 63 ಬಂತು. 183. ಮೇಷ್ಟ್ರು ಗಡಿಯ ಒಳಗಿದ್ದೇನೆ ಅಂದುಕೊಂಡೇ ಗಡಿ ದಾಟಿದ್ದರು. ಆ ತಿಂಗಳ ಬಿಲ್ಲು ನಾನು ಕಟ್ಟುತ್ತೇನೆ ಅಂದೆ, ಅವರು ಒಪ್ಪಲಿಲ್ಲ. ಕಟ್ಟಬೇಕಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ತಿರುಗಿಸದೆ ಹಾಗೇ ಬಿಟ್ಟಿದ್ದರೆ ಇನ್ನೊಂದು ತಮಾಷೆ ಆಗುತ್ತಿತ್ತು. ಮೂರು ಫೇಸಿನಲ್ಲೂ 1000 ವ್ಯಾಟ್ ಉರಿದರೆ ಕೆಂಪು ಪ್ಲಸ್ 1000, ಹಳದಿ ಮೈನಸ್ 500, ನೀಲಿ ಮೈನಸ್ 500. ಕೂಡಿದರೆ ಸೊನ್ನೆ. ಅಂಥ ತಪ್ಪು ಪರವಾಗಿಲ್ಲ, ಕೂಗಿ ಹೇಳುತ್ತದೆ. ಅರ್ಧ ಸತ್ಯ ಹೇಳುವುದೇ ಕಷ್ಟ. ಕೆಲವು ಆ್ಯಪ್‌ಗಳು ಮೈನಸ್ ತೋರಿಸುವುದೇ ಇಲ್ಲ, ಸೊನ್ನೆ ಮಾಡಿಬಿಡುತ್ತವೆ ಇಲ್ಲವೇ ಚಿಹ್ನೆ ತೆಗೆದುಬಿಡುತ್ತವೆ. ಅಂಥದ್ದನ್ನು ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಅಂದಿನಿಂದ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಇದೆ. ನಗಬೇಡಿ. ತಿಪಟೂರಿನಲ್ಲಿ ಕೊಬ್ಬರಿ ತೂಗಿಸುವ ರೈತ ಅನುಮಾನ ಬಂದರೆ ಏನು ಮಾಡುತ್ತಾನೆ? ತೂಕ ಗೊತ್ತಿರುವ ಬಟ್ಟು ಕಾಟಾದ ಮೇಲೆ ಇಡಿಸುತ್ತಾನೆ. ನನಗೆ ಈ ಪೆಟ್ಟಿಗೆಯೇ ಬಟ್ಟು. 1000 ವ್ಯಾಟ್, 230 ವೋಲ್ಟಿಗೆ 4.3 ಆಂಪಿಯರ್ ಚಿಲ್ಲರೆ. ಮನೆಯಲ್ಲಿ ಎಲ್ಲಾ ಎಂಸಿಬಿ ಇಳಿಸಿ, ಒಂದು ಫೇಸಿನದು ಮಾತ್ರ ಎತ್ತಿ, ಆ ಫೇಸಿನ ಪವರ್ ಪ್ಲಗ್ಗಿಗೆ ಪೆಟ್ಟಿಗೆ ಹಾಕುತ್ತೇನೆ. ಮೊಬೈಲಿನಲ್ಲಿ ಅದೇ ಫೇಸಿನ ಸಾಲು ಮಾತ್ರ ಏರಬೇಕು, ಸಾವಿರದ ಹತ್ತಿರ ಬರಬೇಕು, ಪವರ್ ಫ್ಯಾಕ್ಟರ್ ಒಂದರ ಹತ್ತಿರ ಇರಬೇಕು. ಬೇರೆ ಸಾಲಿನಲ್ಲಿ 500 ಬಂತೋ, ಪ್ಲಸ್ ಆಗಲಿ ಮೈನಸ್ ಆಗಲಿ, ಪ್ಲಗ್ಗು ಅದಲು ಬದಲಾಗಿದೆ. ಅದೇ ಸಾಲು ಮೈನಸ್ ಸಾವಿರವೋ, ಬಾಣ ಉಲ್ಟಾ. ಹೀಗೆ ಮೂರು ಫೇಸಿಗೂ ಒಂದೊಂದಾಗಿ. ಮೇಷ್ಟ್ರ ಮನೆಯಲ್ಲಿ ಇದನ್ನು ಮಾಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಎರಡು ಎಚ್ಚರಿಕೆ. ಪೆಟ್ಟಿಗೆ ಕಾದ ಮೇಲೆ ಥರ್ಮೋಸ್ಟಾಟ್ ಕಟ್ ಆಗುತ್ತದೆ, ಆಗ ಸೊನ್ನೆ ನೋಡಿ ಗಾಬರಿ ಬೀಳಬೇಡಿ, ಕೆಂಪು ದೀಪ ನೋಡಿಕೊಳ್ಳಿ. ಇನ್ನೊಂದು, ಸಾವಿರ ಅಂತ ಬರೆದಿರುವುದು ಪೂರ್ತಿ ವೋಲ್ಟೇಜು ಇದ್ದಾಗ. ಸಂಜೆ ಹೊತ್ತು 210ಕ್ಕೆ ಇಳಿದಿದ್ದರೆ ಅದೇ ಪೆಟ್ಟಿಗೆ 830 ವ್ಯಾಟ್ ಅಷ್ಟೇ ಎಳೆಯುತ್ತದೆ. ವೋಲ್ಟೇಜ್ ಕಡಿಮೆಯಾದ ಲೆಕ್ಕದಲ್ಲಿ ವ್ಯಾಟ್ ಇಳಿಯುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ.

ಪೆಟ್ಟಿಗೆ ಹಾಕುವ ಮುಂಚೆಯೇ ವೋಲ್ಟೇಜು ಮತ್ತು ಸಿಟಿಯ ಜೋಡಿ ಸರಿ ಇದೆಯಾ ಅಂತ ನೋಡಲು ಒಂದು ಉಪಾಯವಿದೆ, ಇದು ಕಸುಬಿನವರಿಗೆ ಮಾತ್ರ. ಯಂತ್ರದ ಹಳದಿ ವೋಲ್ಟೇಜ್ ಟರ್ಮಿನಲ್ಲಿಗೆ ಮಲ್ಟಿಮೀಟರಿನ ಒಂದು ಕಡ್ಡಿ, ಹಳದಿ ಸಿಟಿ ಕೂತಿರುವ ವೈರು ಹೋಗಿ ಸೇರುವ ಎಂಸಿಬಿಗೆ ಇನ್ನೊಂದು. ಸೊನ್ನೆ ಬಂದರೆ ಒಂದೇ ಫೇಸು. 400 ಚಿಲ್ಲರೆ ಬಂದರೆ ಬೇರೆ ಬೇರೆ ಫೇಸು. ವೈರಿನ ಬಣ್ಣ ನಂಬಿ ಕೆಲಸ ಮಾಡುವುದಕ್ಕಿಂತ ಇದು ಮೇಲು. ಹಳೆ ಮನೆಗಳಲ್ಲಿ ಕೆಂಪು ವೈರು ಮುಗಿದಾಗ ಕಪ್ಪು ಎಳೆದವರಿದ್ದಾರೆ, ನ್ಯೂಟ್ರಲ್ಲಿಗೆ ಹಳದಿ ಎಳೆದವರೂ ಇದ್ದಾರೆ. ಅವರಲ್ಲಿ ಕೆಲವರು ಈ ಸಭೆಯಲ್ಲೂ ಇರಬಹುದು, ಹೆಸರು ಹೇಳುವುದಿಲ್ಲ.

ಕಡೆಯದಾಗಿ ಯಂತ್ರವನ್ನು ಮೀಟರಿನ ಜತೆ ತಾಳೆ ನೋಡಿ. ಇದನ್ನು ಮನೆಯವರೇ ಮಾಡಬಹುದು, ಏನನ್ನೂ ಮುಟ್ಟುವುದಿಲ್ಲ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 1600 ಅಂತಿದ್ದರೆ, ಸಾವಿರ ವ್ಯಾಟ್ ಓಡುವಾಗ ಎರಡೂಕಾಲು ಸೆಕೆಂಡಿಗೆ ಒಂದು ಸಲ ಕೆಂಪು ದೀಪ ಮಿಣುಕಬೇಕು, ಹತ್ತು ಮಿಣುಕಿಗೆ ಇಪ್ಪತ್ತೆರಡೂವರೆ ಸೆಕೆಂಡು. ಮೊದಲನೇ ಮಿಣುಕನ್ನು ಸೊನ್ನೆ ಅಂತ ಎಣಿಸಿ, ಒಂದು ಅಂತ ಅಲ್ಲ. ಮೇಷ್ಟ್ರ ಮೀಟರ್ ಫಾಸ್ಟ್ ಇರಲಿಲ್ಲ, ಎಣಿಸಿಯೇ ನೋಡಿದೆವು.

ಎರಡೇ ಸಿಟಿ ಸಾಕಲ್ಲವಾ, ನಮ್ಮ ಮೋಟಾರಿನ ಪ್ಯಾನೆಲ್‌ನಲ್ಲಿ ಎರಡೇ ಇದೆ ಅಂತ ಆಗಲೇ ಒಬ್ಬರು ಕೇಳಿದರು. ಬರೀ ಮೋಟಾರಿಗೆ ಸಾಕು, ಅಲ್ಲಿ ನ್ಯೂಟ್ರಲ್ ಇಲ್ಲ, ಎರಡು ತಂತಿಯಲ್ಲಿ ಹೋದದ್ದು ಮೂರನೆಯದರಲ್ಲಿ ವಾಪಸ್ ಬರಲೇಬೇಕು. ತಂತಿ ಎಷ್ಟಿದೆಯೋ ಅದಕ್ಕಿಂತ ಒಂದು ಕಡಿಮೆ ಅಳತೆ ಸಾಕು ಅಂತ ಬ್ಲಾಂಡೆಲ್ ಅನ್ನುವ ಫ್ರೆಂಚ್ ಎಂಜಿನಿಯರ್ 1893ರಲ್ಲೇ ತೋರಿಸಿದ್ದಾನೆ. ಮನೆಗೆ ನಾಲ್ಕು ತಂತಿ, ಹಾಗಾಗಿ ಮೂರು ಬೇಕೇ ಬೇಕು.

ನ್ಯೂಟ್ರಲ್ಲಿನ ಸಿಟಿ ಲೆಕ್ಕಕ್ಕಲ್ಲ, ಕಾವಲಿಗೆ. ಇಸ್ತ್ರಿ ಪೆಟ್ಟಿಗೆ ಒಂದೇ ಓಡುವಾಗ ಫೇಸಿನಲ್ಲಿ 4.3 ಇದ್ದರೆ ನ್ಯೂಟ್ರಲ್ಲಿನಲ್ಲೂ 4.3 ಇರಬೇಕು. ಕಡಿಮೆ ಬಂದರೆ ಉಳಿದ ಕರೆಂಟು ಬೇರೆ ದಾರಿಯಲ್ಲಿ ವಾಪಸ್ ಹೋಗುತ್ತಿದೆ, ಅರ್ತಿಂಗ್ ಮೂಲಕವೋ ಪಕ್ಕದ ಮನೆಯ ನ್ಯೂಟ್ರಲ್ ಮೂಲಕವೋ. ಬೇಕಾದರೆ ಹೀಗೂ ಮಾಡಬಹುದು: ತೂತು ದೊಡ್ಡದಿರುವ ಒಂದೇ ಸಿಟಿಯೊಳಗೆ ಮೂರು ಫೇಸು, ನ್ಯೂಟ್ರಲ್, ನಾಲ್ಕನ್ನೂ ಹಾಕಿ. ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಕಂಡರೆ ಕರೆಂಟು ಕಡಿಯುವ ನಿಮ್ಮ ಆರ್‌ಸಿಸಿಬಿ ಒಳಗೆ ಇರುವುದೂ ಇದೇ ಏರ್ಪಾಡು.

ಸೋಲಾರಿನವರಿಗೆ ಒಂದು ಮಾತು. 2050 ಮೆಗಾವ್ಯಾಟಿನ ಪಾವಗಡದ ಪಾರ್ಕು ನಮ್ಮ ಜಿಲ್ಲೆಯಲ್ಲೇ ಇದೆ, ಬಿಸಿಲಿನ ಬಗ್ಗೆ ನಮಗೆ ಯಾರೂ ಹೇಳಬೇಕಾಗಿಲ್ಲ. ಮನೆಯ ಇನ್ವರ್ಟರ್ ಹೊರಗೆ ಕರೆಂಟು ಕಳಿಸದ ಹಾಗೆ ಸೆಟ್ ಮಾಡಿದ್ದರೆ ಅದು ನೋಡುವುದು ಮೈನಿನ ಸಿಟಿಯನ್ನೇ. ಬಾಣ ಉಲ್ಟಾ ಇದ್ದರೆ ಹೊರಗೆ ಹೋಗುತ್ತಿರುವುದನ್ನು ಒಳಗೆ ಬರುತ್ತಿದೆ ಅಂದುಕೊಂಡು ಇನ್ನಷ್ಟು ತಳ್ಳುತ್ತದೆ. ಹಾಗಾಗಿ ಪೆಟ್ಟಿಗೆ ಪರೀಕ್ಷೆಯನ್ನು ಕತ್ತಲಾದ ಮೇಲೆ ಇಲ್ಲವೇ ಸೋಲಾರ್ ಆಫ್ ಮಾಡಿ ಮಾಡಿ, ಆಮೇಲೆ ಮಧ್ಯಾಹ್ನ ಸೋಲಾರ್ ಹಾಕಿ ಚಿಹ್ನೆ ಬದಲಾಗುತ್ತದಾ ನೋಡಿ.

ಕ್ಲಾಂಪ್ ಮೀಟರ್ ಇದ್ದರೆ ಸಾಲದಾ ಅನ್ನುವ ಪ್ರಶ್ನೆಗೆ ಮೇಷ್ಟ್ರ ಮನೆಯ ಕತೆಯೇ ಉತ್ತರ. ಅದು ಆಂಪಿಯರ್ ಮಾತ್ರ ಹೇಳುತ್ತದೆ. ಮುಳ್ಳು ಎತ್ತ ನೋಡುತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಕಡಿಮೆ ಬೆಲೆಯ ಕೆಲವು ಯಂತ್ರಗಳು ವೋಲ್ಟೇಜನ್ನು ಒಂದೇ ಫೇಸಿನಿಂದ ತೆಗೆದುಕೊಂಡು, ಉಳಿದೆರಡು ನಾಲ್ಕು ಗಂಟೆಗೆ, ಎಂಟು ಗಂಟೆಗೆ ಇರುತ್ತವೆ ಅಂತ ಊಹಿಸಿಕೊಳ್ಳುತ್ತವೆ. ಇವು ಇವತ್ತು ಸರಿ ಇದ್ದು ನಾಳೆ ಕೆಡಬಹುದು. ಬೀದಿಯ ಟಿಸಿ ಸುಟ್ಟು ಹೊಸದು ತಂದು ಕೂರಿಸುತ್ತಾರೆ, ಎರಡು ಫೇಸು ಅತ್ತಿತ್ತ ಆಗುತ್ತವೆ. ನಾಲ್ಕು ಎಂಟಾಗುತ್ತದೆ, ಎಂಟು ನಾಲ್ಕಾಗುತ್ತದೆ. ಮೂರು ಫೇಸಿನ ವೋಲ್ಟೇಜನ್ನೂ ತೆಗೆದುಕೊಳ್ಳುವ ಯಂತ್ರಕ್ಕೆ ಏನೂ ಆಗುವುದಿಲ್ಲ. ಊಹೆ ಮಾಡುವ ಯಂತ್ರ ಮಾತ್ರ ಅವತ್ತಿನಿಂದ ಎರಡು ಫೇಸಿನ ಲೆಕ್ಕ ತಪ್ಪು ಹೇಳುತ್ತದೆ. ಅದೇ ದಿನ ನಿಮ್ಮ ಬೋರಿನ ಮೋಟಾರೂ ಉಲ್ಟಾ ತಿರುಗುತ್ತದೆ, ನೀರು ಬೆರಳು ಗಾತ್ರ ಬರುತ್ತದೆ. ಸ್ಟಾರ್ಟರಿನಲ್ಲಿ ಎರಡು ವೈರು ಬದಲಿಸಿ ಮೋಟಾರ್ ಸರಿ ಮಾಡಿಕೊಂಡು ಹೋಗಿಬಿಡುತ್ತೇವೆ. ಹಾಗೆ ವೈರು ಬದಲಿಸಿದ ದಿನ ಇಸ್ತ್ರಿ ಪೆಟ್ಟಿಗೆಯನ್ನೂ ಇನ್ನೊಮ್ಮೆ ಹೊರಗೆ ತೆಗೆಯಿರಿ.